ಮುರಿದ ಬ್ಯಾಟಿನ ಹೊಣೆ

ಕ್ರಿಕೆಟ್ ಆಡುವ ಬಾಲಕರಿಗೆ ಬ್ಯಾಟಿನ ಹಿಡಿ ಸೀಳುವ ಸದ್ದು ಪರಿಚಿತವಾದುದೇ. ಚೆಂಡು ಹಲಗೆಯ ನಡುವಿಗೆ ತಾಗಿದಾಗ ಏಳುವ ತುಂಬುದನಿ ಅದಲ್ಲ. ಒಣಬಿದಿರು ಬಿರಿದಂತೆ ಕೇಳುವ ಒಡಕುದನಿ. ಅದು ಕೇಳಿದೊಡನೆ ಆಟ ಅರೆಗಳಿಗೆ ನಿಲ್ಲುತ್ತದೆ. ತರಗತಿಯವರೆಲ್ಲ ತಿಂಡಿಯ ಕಾಸು ಉಳಿಸಿ, ಚಂದಾ ಕೂಡಿಸಿ ಕೊಂಡ ಬ್ಯಾಟು ಅದಾಗಿದ್ದರೆ, ಕೊಂಡ ದಿನದ ಸಂತೋಷದಂತೆ ಮುರಿದ ದಿನದ ದುಃಖವೂ ಎಲ್ಲರಿಗೂ ಸೇರಿದ್ದು. ಮರುದಿನ ನಾಲ್ಕಾರು ಹುಡುಗರು ಮುರಿದ ಬ್ಯಾಟನ್ನು ಹೊತ್ತು ಅಂಗಡಿಯ ಮೆಟ್ಟಿಲೇರುತ್ತಾರೆ. "ನಾವು ಮಾರುವವರೇ ಹೊರತು ಮಾಡುವವರಲ್ಲ, ಕಂಪೆನಿಗೆ ಬರೆಯಿರಿ" ಎನ್ನುತ್ತಾರೆ ಅಂಗಡಿಯವರು. ಕಂಪೆನಿಗೆ ಬರೆದರೆ, "ಕೊಂಡ ಅಂಗಡಿಯಲ್ಲಿಯೇ ವಿಚಾರಿಸಿ" ಎಂಬ ಉತ್ತರ ಬರುತ್ತದೆ. ಎತ್ತರಕ್ಕೆ ಚಿಮ್ಮಿದ ಕ್ಯಾಚು ಇಬ್ಬರು ಆಟಗಾರರ ನಡುವೆ ಇಳಿಯುತ್ತಿರುವಾಗ "ನೀನು ಹಿಡಿ, ನೀನು ಹಿಡಿ" ಎಂದು ಇಬ್ಬರೂ ಹಿಂಜರಿದು, ಚೆಂಡು ನೆಲಕ್ಕೆ ಬೀಳುವುದುಂಟಲ್ಲ, ಇದೂ ಹಾಗೆಯೇ. 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂಬ ಗಾದೆಯನ್ನು ನೆನೆದು ಹುಡುಗರು ಮನೆಗೆ ಮರಳುತ್ತಾರೆ.

ಆದರೆ ಅವರು ಅಷ್ಟು ಬೇಗ ಮರಳಬೇಕಾಗಿಲ್ಲ. ಆಟದ ಸಾಮಾನೊಂದನ್ನು ಕೊಂಡಾಗ ಕೊಂಡವನ ಕೈಗೆ ಒಂದಲ್ಲ, ಎರಡು ವಚನಗಳು ಬಂದಿರಬಹುದು. ಮೊದಲನೆಯದು ಅಂಗಡಿಯವನು ಕೊಟ್ಟದ್ದು. ಎರಡನೆಯದು ತಯಾರಕನು ಕೊಟ್ಟದ್ದು. ಇವು ಬೇರೆ ಬೇರೆ ಇಬ್ಬರು ಕೊಟ್ಟ ಬೇರೆ ಬೇರೆ ಮಾತುಗಳು. ಒಂದರ ಅವಧಿ ಮುಗಿದ ಮಾತ್ರಕ್ಕೆ ಇನ್ನೊಂದು ಮುಗಿಯುವುದಿಲ್ಲ. ಇವೆರಡಕ್ಕೂ ಹಿಂದೆ, ಯಾರೂ ಬಾಯಿಬಿಟ್ಟು ಹೇಳದ ಮೂರನೆಯ ವಚನವೊಂದೂ ನಿಂತಿರುತ್ತದೆ. ಅದು ಕಾನೂನಿನದು.

ಈ ವಚನಗಳಿಗೆ ಪೇಟೆಯಲ್ಲಿ 'ಗ್ಯಾರಂಟಿ', 'ವಾರಂಟಿ' ಎಂಬ ಎರಡು ಹೆಸರುಗಳಿವೆ. ಇವೆರಡರ ಭೇದವನ್ನು ಕುರಿತು ವ್ಯಾಪಾರಿಗಳು ನಾನಾ ಬಗೆಯಾಗಿ ವಿವರಿಸುವುದುಂಟು. ಗ್ಯಾರಂಟಿಯೆಂದರೆ ಹೊಸದನ್ನು ಕೊಡುವುದು, ವಾರಂಟಿಯೆಂದರೆ ರಿಪೇರಿ ಮಾಡಿಕೊಡುವುದು ಎಂಬ ನಂಬಿಕೆ ಬಲವಾಗಿದೆ. ಭಾಷೆಯ ದೃಷ್ಟಿಯಿಂದ ನೋಡಿದರೆ ಎರಡೂ ಒಂದೇ ತಾಯಿಯ ಮಕ್ಕಳು. ಹಳೆಯ ಫ್ರೆಂಚಿನ ಒಂದೇ ಶಬ್ದವನ್ನು ಉತ್ತರದ ನಾರ್ಮನ್ ಸೀಮೆಯವರು ವಕಾರದಿಂದಲೂ ಪ್ಯಾರಿಸ್ ಕಡೆಯವರು ಗಕಾರದಿಂದಲೂ ಉಚ್ಚರಿಸುತ್ತಿದ್ದರು; ಇಂಗ್ಲಿಷು ಎರಡನ್ನೂ ಎರವಲು ಪಡೆಯಿತು. ನಮ್ಮಲ್ಲಿ 'ವರ್ಣ'ವೂ ಅದರ ತದ್ಭವವಾದ 'ಬಣ್ಣ'ವೂ ಕೂಡಿಯೇ ಬಾಳುತ್ತಿರುವಂತೆ ಅಲ್ಲಿ ಇವೆರಡೂ ಬಾಳಿದವು. ಆದುದರಿಂದ ಚೀಟಿಯ ತಲೆಯ ಮೇಲೆ ಯಾವ ಪದ ಅಚ್ಚಾಗಿದೆ ಎಂಬುದಕ್ಕಿಂತ, ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಏನು ಅಚ್ಚಾಗಿದೆ ಎಂಬುದೇ ಮುಖ್ಯ. ಕನ್ನಡದಲ್ಲಿ ಎರಡಕ್ಕೂ 'ಖಾತರಿ' ಎಂದರೆ ಸಾಕು.

ಅಂಗಡಿಯ ಖಾತರಿ ಸಾಮಾನ್ಯವಾಗಿ ಚಿಕ್ಕದು. ಏಳು ದಿನ, ಹದಿನೈದು ದಿನ, ಹೆಚ್ಚೆಂದರೆ ಒಂದೆರಡು ತಿಂಗಳು. ಅನೇಕ ವೇಳೆ ಅದು ಕಾಗದಕ್ಕೆ ಇಳಿಯುವುದೇ ಇಲ್ಲ. "ಏನಾದರೂ ಆದರೆ ತನ್ನಿ, ನೋಡಿಕೊಳ್ಳೋಣ" ಎಂಬ ಬಾಯಿಮಾತಾಗಿಯೇ ಉಳಿಯುತ್ತದೆ. ಆದರೂ ಅದಕ್ಕೊಂದು ಬೆಲೆಯಿದೆ. ಅಂಗಡಿ ಹತ್ತಿರದಲ್ಲಿರುತ್ತದೆ. ಅಂಗಡಿಯವನಿಗೆ ಊರಿನ ಮುಖಗಳ ಪರಿಚಯವಿರುತ್ತದೆ. ಮುಂದಿನ ವರ್ಷವೂ ಆ ಶಾಲೆಯವರು ತನ್ನಲ್ಲಿಗೇ ಬರಬೇಕೆಂಬ ಆಸೆಯಿರುತ್ತದೆ. ವಸ್ತುವನ್ನು ಕಣ್ಣಾರೆ ನೋಡಿ ಆ ಕ್ಷಣದಲ್ಲಿಯೇ ಬದಲಿಸಿ ಕೊಡುವ ಅಧಿಕಾರ ಅವನಿಗುಂಟು. ತಾಲ್ಲೂಕು ಊರಿನಲ್ಲಿ ಬ್ಯಾಟು ಕೊಳ್ಳುವ ವಿದ್ಯಾರ್ಥಿಗೆ, ದೂರದ ಕಾರ್ಖಾನೆಯ ಒಂದು ವರ್ಷದ ಅಚ್ಚಿನ ಚೀಟಿಗಿಂತ ಹತ್ತಿರದ ಅಂಗಡಿಯವನು ಬಿಲ್ಲಿನ ಮೇಲೆ ಬರೆದುಕೊಟ್ಟ ಒಂದು ತಿಂಗಳ ಮಾತು ಹೆಚ್ಚು ಬೆಲೆಯುಳ್ಳದ್ದು ಎಂದರೆ ತಪ್ಪಾಗಲಾರದು. ಆದರೆ ಅಂಗಡಿ ಮುಚ್ಚಿದರೆ ಆ ಮಾತನ್ನು ಕೇಳಲು ಬಾಗಿಲೇ ಇರುವುದಿಲ್ಲ.

ತಯಾರಕನ ಖಾತರಿಯ ಸ್ವಭಾವ ಬೇರೆ. ಭಾರತದಲ್ಲಿ ಆಟದ ಸಾಮಾನುಗಳ ತಯಾರಿಕೆ ಬಹುಮಟ್ಟಿಗೆ ಪಂಜಾಬಿನ ಜಲಂಧರ್ ಮತ್ತು ಉತ್ತರ ಪ್ರದೇಶದ ಮೀರತ್ ನಗರಗಳಲ್ಲಿ ನೆಲೆಗೊಂಡಿದೆ. 1947ರಲ್ಲಿ ದೇಶ ಇಬ್ಭಾಗವಾದಾಗ ಸಿಯಾಲ್‌ಕೋಟಿನ ಕುಶಲಕರ್ಮಿಗಳೂ ವರ್ತಕರೂ ಮನೆಮಠ ತೊರೆದು ಈ ಕಡೆಗೆ ಬಂದು, ಕೈಯಲ್ಲಿದ್ದ ಕಸುಬನ್ನೇ ನೆಚ್ಚಿ ಅಲ್ಲಿ ಬದುಕು ಕಟ್ಟಿಕೊಂಡರು. ಅಲ್ಲಿಂದ ಹೊರಟ ಬ್ಯಾಟು ಸಗಟು ವ್ಯಾಪಾರಿ, ಜಿಲ್ಲೆಯ ವಿತರಕ, ಚಿಲ್ಲರೆ ಅಂಗಡಿ ಎಂದು ಮೂರು ನಾಲ್ಕು ಕೈ ದಾಟಿ ಕರ್ನಾಟಕದ ಹುಡುಗನ ಕೈ ಸೇರುತ್ತದೆ. ಹುಡುಗನನ್ನು ತಯಾರಕನು ಕಂಡಿಲ್ಲ. ತಯಾರಕನನ್ನು ಹುಡುಗನು ಕಂಡಿಲ್ಲ. ಆದಕಾರಣ ಈ ಖಾತರಿಯ ಅವಧಿ ದೀರ್ಘವಾಗಿದ್ದರೂ ಅದರ ಸುತ್ತ ಬೇಲಿಗಳು ಹೆಚ್ಚು. ಅಧಿಕೃತ ಮಾರಾಟಗಾರನಲ್ಲಿಯೇ ಕೊಂಡಿರಬೇಕು, ಮೊದಲು ಕೊಂಡವನೇ ಕೇಳಬೇಕು, ತಯಾರಿಕೆಯ ದೋಷವೇ ಆಗಿರಬೇಕು, ವಸ್ತುವನ್ನು ಪರೀಕ್ಷಿಸಿ ತೀರ್ಮಾನಿಸುವವರು ಕಂಪೆನಿಯವರೇ ಆಗಿರಬೇಕು ಎಂಬ ಷರತ್ತುಗಳು ಸಾಮಾನ್ಯ.

'ತಯಾರಿಕೆಯ ದೋಷ' ಎಂಬ ಈ ಎರಡು ಪದಗಳಲ್ಲಿಯೇ ಎಲ್ಲ ಜಗಳವೂ ಅಡಗಿದೆ. ಆಟದ ಸಾಮಾನು ಗಡಿಯಾರದಂತೆ ಗೋಡೆಯ ಮೇಲೆ ಸುಮ್ಮನೆ ಕುಳಿತಿರುವ ವಸ್ತುವಲ್ಲ. ಹೊಡೆಯುವುದು, ಹೊಡೆಸಿಕೊಳ್ಳುವುದು, ಒದೆಸಿಕೊಳ್ಳುವುದೇ ಅದರ ಬಾಳು. ಸವೆತ ಎಲ್ಲಿಗೆ ಮುಗಿಯಿತು, ದೋಷ ಎಲ್ಲಿಂದ ಆರಂಭವಾಯಿತು ಎಂದು ಹೇಳುವುದು ಸುಲಭವಲ್ಲ.

ಬ್ಯಾಟನ್ನೇ ತೆಗೆದುಕೊಳ್ಳಬಹುದು. ಅದರ ಹಲಗೆ ವಿಲ್ಲೋ ಎಂಬ ಮೆದುಮರದ್ದು; ನಮ್ಮಲ್ಲಿ ಅದು ಕಾಶ್ಮೀರದಲ್ಲಿ ಬೆಳೆಯುತ್ತದೆ. ಹಿಡಿ ಬೆತ್ತದ್ದು. ಬೆತ್ತದ ಸೀಳುಗಳ ನಡುವೆ ರಬ್ಬರಿನ ಪಟ್ಟಿಗಳನ್ನಿಟ್ಟು ಅಂಟಿಸಿ, ಕೆಳತುದಿಯನ್ನು ಬೆಣೆಯಂತೆ ಕೆತ್ತಿ, ಹಲಗೆಯ ಮೇಲ್ತುದಿಯ ಸೀಳಿನೊಳಗೆ ಕೂಡಿಸುತ್ತಾರೆ. ಆಟ ಆರಂಭಿಸಿದ ಕೆಲವೇ ದಿನಗಳಲ್ಲಿ ಈ ಕೂಡಿಕೆ ಸಡಿಲವಾದರೆ ಅದು ಅಂಟಿನ ದೋಷ, ಬಡಗಿಯ ದೋಷ, ಆಡಿದವನದಲ್ಲ. ಆದರೆ ಹೊಸ ಬ್ಯಾಟಿಗೆ ಅಗಸೆ ಎಣ್ಣೆ ಸವರಿ, ಮರದ ಕೊಡತಿಯಿಂದ ಗಂಟೆಗಟ್ಟಲೆ ಮೆಲ್ಲಗೆ ಬಡಿದು ಹದಮಾಡದೆ, ಮೊದಲ ದಿನವೇ ಚರ್ಮದ ಚೆಂಡಿಗೆ ಒಡ್ಡಿದರೆ ಹಲಗೆ ಬಿರಿಯುವುದು ಸಹಜ. ಮಳೆಯ ನೆಲದಲ್ಲಿ ಆಡಿದರೆ ತುದಿ ನೀರು ಕುಡಿದು ಉಬ್ಬುತ್ತದೆ. ಇಂಥವು ಖಾತರಿಗೆ ಹೊರಗು. ಹಲಗೆಯ ಮೇಲೆ ಕೂದಲೆಳೆಯಂತಹ ಬಿರುಕುಗಳು ಮೂಡುವುದು ಮರದ ಗುಣವೇ ಸರಿ. ಹಲವು ತಯಾರಕರು ಬ್ಯಾಟಿಗೆ ಖಾತರಿಯನ್ನೇ ಕೊಡುವುದಿಲ್ಲ. ಕೊಡುವವರಲ್ಲಿ ಕೆಲವರು ಹಿಡಿಗೆ ಮಾತ್ರ ಕೊಡುತ್ತಾರೆ.

ಟೆನಿಸ್ ಚೆಂಡಿನ ಬ್ಯಾಟು, ಚರ್ಮದ ಚೆಂಡಿನ ಬ್ಯಾಟು ಎಂಬ ಭೇದವೊಂದುಂಟು. ಟೆನಿಸ್ ಚೆಂಡಿಗೆಂದು ಮಾಡಿದ ಬ್ಯಾಟಿನಿಂದ ಚರ್ಮದ ಚೆಂಡನ್ನು ಹೊಡೆದು ಮುರಿದುಕೊಂಡರೆ ತಯಾರಕನ ಚೀಟಿ ನೆರವಿಗೆ ಬರುವುದಿಲ್ಲ. ಆದರೆ "ಚರ್ಮದ ಚೆಂಡಿನ ಪಂದ್ಯಕ್ಕೆ ಬ್ಯಾಟು ಬೇಕು" ಎಂದು ಕೇಳಿದ ಹುಡುಗರಿಗೆ ಅಂಗಡಿಯವನೇ ಆ ಬ್ಯಾಟನ್ನು ಆರಿಸಿ ಕೊಟ್ಟಿದ್ದರೆ? ಆಗ ಅಂಗಡಿಯವನು ಸಿಕ್ಕಿಬೀಳುತ್ತಾನೆ. 1930ರ ಸರಕುಗಳ ಮಾರಾಟ ಕಾಯಿದೆಯ 16ನೆಯ ಕಲಮಿನ ಪ್ರಕಾರ, ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ ಮಾರುವವನ ತಿಳಿವಳಿಕೆಯನ್ನು ನೆಚ್ಚಿದಾಗ, ವಸ್ತು ಆ ಉದ್ದೇಶಕ್ಕೆ ತಕ್ಕಷ್ಟು ಯೋಗ್ಯವಾಗಿರಲೇಬೇಕು. ಯಾವ ಚೀಟಿಯೂ ಇಲ್ಲದಿದ್ದರೂ ಈ ಷರತ್ತು ಮಾರಾಟದೊಳಗೆ ತಾನಾಗಿಯೇ ಸೇರಿರುತ್ತದೆ. ಹುಡುಗರು ಉದ್ದೇಶವನ್ನು ಹೇಳದೆ, ಮೆಚ್ಚಿನ ಆಟಗಾರನ ಕೈಯಲ್ಲಿ ಕಂಡ ಹೆಸರನ್ನೇ ಹಿಡಿದು "ಆ ಕಂಪೆನಿಯದೇ ಕೊಡಿ" ಎಂದು ಹಟಮಾಡಿ ಕೊಂಡರೆ ಈ ರಕ್ಷಣೆ ಸಡಿಲವಾಗುತ್ತದೆ. ಹೆಸರಿನ ಮೋಹಕ್ಕೆ ತೆರುವ ಬೆಲೆ ಹಣದಲ್ಲಿ ಮಾತ್ರವೇ ಇರುವುದಿಲ್ಲ.

ಅಂಗಡಿಯ ಹೊಣೆ, ಕಾರ್ಖಾನೆಯ ಹೊಣೆ ಎರಡೂ ಒಂದಕ್ಕೊಂದು ಹೆಣೆದುಕೊಳ್ಳುವುದನ್ನು ಬ್ಯಾಡ್ಮಿಂಟನ್ ರಾಕೆಟಿನಲ್ಲಿ ಸ್ಪಷ್ಟವಾಗಿ ಕಾಣಬಹುದು. ಒಳ್ಳೆಯ ರಾಕೆಟುಗಳು ಹಲವು ವೇಳೆ ತಂತಿಯಿಲ್ಲದ ಬರಿಯ ಚೌಕಟ್ಟಾಗಿ ಅಂಗಡಿಗೆ ಬರುತ್ತವೆ. ಕೊಳ್ಳುವವನ ಅಪೇಕ್ಷೆಯಂತೆ ಅಂಗಡಿಯವನು ಯಂತ್ರದ ನೆರವಿನಿಂದ ತಂತಿ ಹೆಣೆಯುತ್ತಾನೆ. ಎಷ್ಟು ಪೌಂಡುಗಳ ಬಿಗಿತವನ್ನು ತಾಳಬಲ್ಲದೆಂಬುದು ರಾಕೆಟಿನ ಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ಮೀರಿ ಬಿಗಿದರೆ, ಇಲ್ಲವೆ ಒಂದು ಪಕ್ಕ ಹೆಚ್ಚು, ಇನ್ನೊಂದು ಪಕ್ಕ ಕಡಮೆಯಾಗಿ ಬಿಗಿದರೆ, ಚೌಕಟ್ಟು ಒಂದು ದಿನ ತಾನಾಗಿಯೇ ಕುಸಿಯುತ್ತದೆ. ಆಗ ತಯಾರಕನು "ನಮ್ಮ ಮಿತಿಯನ್ನು ಮೀರಿದ್ದೀರಿ" ಎಂದು ಕೈತೊಳೆದುಕೊಳ್ಳುತ್ತಾನೆ. ಅದು ನ್ಯಾಯವೂ ಹೌದು. ಆದರೆ ಮೀರಿದವರು ಯಾರು? ಅಂಗಡಿಯವನು. ರಾಕೆಟಿನ ಖಾತರಿ ಸತ್ತರೂ, ಹೆಣಿಗೆಗೆ ಕೂಲಿ ಪಡೆದವನ ಹೊಣೆ ಜೀವಂತವಾಗಿರುತ್ತದೆ, ಏಕೆಂದರೆ ಅದು ಸೇವೆಯಲ್ಲಿನ ಕೊರತೆ. ಹುಡುಗನೇ "ಇನ್ನೂ ಬಿಗಿ, ಇನ್ನೂ ಬಿಗಿ" ಎಂದು ಒತ್ತಾಯಿಸಿದ್ದರೆ ಮಾತು ಬೇರೆ. ಬಿಗಿತವೆಷ್ಟೆಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಂಡರೆ ಮುಂದಿನ ವಾದಕ್ಕೆ ಅವಕಾಶವಿರುವುದಿಲ್ಲ. ತಂತಿಗಂತೂ ಯಾರೂ ಖಾತರಿ ಕೊಡುವುದಿಲ್ಲ. ಜೋಡಿ ಆಟದಲ್ಲಿ ಎರಡು ರಾಕೆಟುಗಳು ಒಂದಕ್ಕೊಂದು ತಾಗಿ ಮುರಿದರೆ ಅದಕ್ಕೂ ಇಲ್ಲ.

ಶಾಲೆಗಳು ವಿಶೇಷವಾಗಿ ನೋಡಿಕೊಳ್ಳಬೇಕಾದ ಷರತ್ತೊಂದಿದೆ. ಟ್ರೆಡ್‌ಮಿಲ್ ಮೊದಲಾದ ವ್ಯಾಯಾಮ ಯಂತ್ರಗಳ ಚೀಟಿಯಲ್ಲಿ 'ಗೃಹಬಳಕೆಗೆ ಮಾತ್ರ' ಎಂದು ಬರೆದಿರುವುದು ಸಾಮಾನ್ಯ. ಮನೆಯಲ್ಲಿ ಒಂದು ಕುಟುಂಬ ಬಳಸುವ ಯಂತ್ರದ ಮೇಲೆ ಶಾಲೆಯ ಇನ್ನೂರು ಮಕ್ಕಳು ಸರದಿಯಂತೆ ಓಡಿದರೆ ತಯಾರಕನ ಖಾತರಿ ರದ್ದಾಗುತ್ತದೆ. ಶಾಲೆಗೆಂದು ತಿಳಿದೂ ಅದೇ ಯಂತ್ರವನ್ನು ಮಾರಿದ ಅಂಗಡಿ ಮಾತ್ರ ಸುಲಭವಾಗಿ ಪಾರಾಗಲಾರದು.

ಇತ್ತೀಚೆಗೆ ದೊಡ್ಡ ಮಳಿಗೆಗಳು ಹೆಚ್ಚಿನ ಹಣ ಪಡೆದು 'ವಿಸ್ತರಿಸಿದ ಖಾತರಿ' ಎಂಬುದನ್ನು ಮಾರುತ್ತವೆ. ಇದು ವಚನಕ್ಕಿಂತ ವಿಮೆಗೆ ಹತ್ತಿರ. ಅದು ಯಾವ ದಿನದಿಂದ ಆರಂಭವಾಗುತ್ತದೆ ಎಂಬುದನ್ನು ಮೊದಲು ಕೇಳಬೇಕು. ತಯಾರಕನ ಒಂದು ವರ್ಷದೊಳಗೇ ಅದರ ಮೊದಲ ವರ್ಷವೂ ಕಳೆದುಹೋಗುವಂತಿದ್ದರೆ, ಪುಕ್ಕಟೆಯಾಗಿ ದೊರೆತದ್ದನ್ನೇ ಮತ್ತೆ ಹಣಕೊಟ್ಟು ಕೊಂಡಂತಾಗುತ್ತದೆ. ಆರುನೂರು ರೂಪಾಯಿಯ ರಾಕೆಟಿಗೆ ಇಂಥದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಹುಡುಗರು ಹಣ ಕೊಟ್ಟದ್ದು ಅಂಗಡಿಯವನಿಗೆ. ವ್ಯವಹಾರ ನಡೆದದ್ದು ಅವನೊಡನೆ. ಎಲ್ಲಿಯೋ ಇರುವ ತಯಾರಕನು ಕಾಗದದ ಮೇಲೆ ಏನನ್ನೋ ಅಚ್ಚುಮಾಡಿದ್ದಾನೆಂದ ಮಾತ್ರಕ್ಕೆ ಆ ಮಾತು ಅವನನ್ನು ಕಟ್ಟೀತೇ? ಭಾರತದ ವಾಣಿಜ್ಯ ಕಾನೂನಿಗೆ ತಳಹದಿಯಾದ ಇಂಗ್ಲೆಂಡಿನ ನ್ಯಾಯಾಲಯದಲ್ಲಿ ಇಂಥದೇ ಪ್ರಶ್ನೆ 1892ರಲ್ಲಿ ವಿಚಾರಣೆಗೆ ಬಂದಿತು. ಲಂಡನ್ನಿನ ಕಂಪೆನಿಯೊಂದು 'ಕಾರ್ಬಾಲಿಕ್ ಸ್ಮೋಕ್ ಬಾಲ್' ಎಂಬ, ಮೂಗಿಗೆ ಹೊಗೆಯಂಥ ಪುಡಿಯನ್ನು ಊದುವ ರಬ್ಬರಿನ ಚೆಂಡನ್ನು ಮಾರುತ್ತಿತ್ತು. ಇದನ್ನು ದಿನಕ್ಕೆ ಮೂರು ಬಾರಿಯಂತೆ ಎರಡು ವಾರ ಬಳಸಿದ ಮೇಲೂ ಶೀತಜ್ವರ ಬಂದವರಿಗೆ 100 ಪೌಂಡು ಕೊಡುವುದಾಗಿ ಅದು ಪತ್ರಿಕೆಯಲ್ಲಿ ಜಾಹೀರಾತು ನೀಡಿತು. ಮಾತಿನ ಸತ್ಯತೆಗಾಗಿ 1,000 ಪೌಂಡುಗಳನ್ನು ಬ್ಯಾಂಕಿನಲ್ಲಿ ಇಟ್ಟಿರುವುದಾಗಿಯೂ ಸಾರಿತು. ಕಾರ್ಲಿಲ್ ಎಂಬ ಮಹಿಳೆ ಜಾಹೀರಾತನ್ನು ನಂಬಿ ಔಷಧದ ಅಂಗಡಿಯೊಂದರಲ್ಲಿ ಅದನ್ನು ಕೊಂಡು, ಹೇಳಿದಂತೆಯೇ ಬಳಸಿದರು. ಆದರೂ ಜ್ವರ ಬಂದಿತು. ಹಣ ಕೇಳಿದಾಗ ಕಂಪೆನಿ, ಜಾಹೀರಾತು ಬರಿಯ ಹೊಗಳಿಕೆಯ ಮಾತು, ಆಕೆಯೊಡನೆ ತನಗೆ ಯಾವ ಒಪ್ಪಂದವೂ ಇಲ್ಲ ಎಂದು ವಾದಿಸಿತು. ನ್ಯಾಯಾಧೀಶರು ಒಪ್ಪಲಿಲ್ಲ. ಬ್ಯಾಂಕಿನಲ್ಲಿ ಹಣವಿಟ್ಟೆನೆಂದು ಸಾರಿದವನು ತಮಾಷೆಗೆ ಮಾತನಾಡಿದವನಲ್ಲ. ಲೋಕಕ್ಕೆಲ್ಲ ಕೊಟ್ಟ ವಚನದ ಷರತ್ತನ್ನು ಯಾರು ಪಾಲಿಸುತ್ತಾರೋ ಅವರೊಡನೆ ಒಪ್ಪಂದವಾದಂತೆಯೇ ಎಂದು ತೀರ್ಪಿತ್ತರು. ಷರತ್ತನ್ನು ನೆರವೇರಿಸುವುದೇ ಒಪ್ಪಿಗೆ ಎಂಬ ತತ್ತ್ವವನ್ನು ಭಾರತದ ಕರಾರು ಕಾಯಿದೆ 1872ರಲ್ಲಿಯೇ ಹೇಳಿತ್ತು. ಖಾತರಿ ಚೀಟಿ ಕೊಟ್ಟ ತಯಾರಕನು ಕೊಂಡವನ ಮುಖವನ್ನು ಕಾಣದಿದ್ದರೂ ತನ್ನ ಮಾತಿಗೆ ಬದ್ಧನಾಗುವುದು ಹೀಗೆ.

ನಮ್ಮ ದೇಶದಲ್ಲಿ ಕೊಳ್ಳುವವರಿಗಾಗಿಯೇ ಪ್ರತ್ಯೇಕ ಕಾಯಿದೆಯೊಂದು ಬಂದದ್ದು 1986ರಲ್ಲಿ. ಅದರ ಸ್ಥಾನದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಿಂದ ಜಾರಿಗೆ ಬಂದಿತು. ಬಿಲ್ಲು ಕೊಡದಿರುವುದು ಇದರ ಪ್ರಕಾರ ಅನುಚಿತ ವ್ಯಾಪಾರ. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನೇ ಹೇಳಿಲ್ಲದಿದ್ದರೆ ಮೂವತ್ತು ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದೂ ಅನುಚಿತ ವ್ಯಾಪಾರವೇ. 'ಮಾರಿದ ಸರಕನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ' ಎಂಬ ಫಲಕ ಅಂಗಡಿಯ ಗೋಡೆಯ ಮೇಲೆ ಎಷ್ಟು ದಪ್ಪ ಅಕ್ಷರಗಳಲ್ಲಿದ್ದರೂ ದೋಷವುಳ್ಳ ಸರಕಿನ ಮಟ್ಟಿಗೆ ಅದಕ್ಕೆ ಬಲವಿಲ್ಲ. ತಯಾರಕರ ಚೀಟಿ 'ಮೊದಲು ಕೊಂಡವನಿಗೆ ಮಾತ್ರ' ಎಂದರೂ, ಕೊಂಡವನ ಒಪ್ಪಿಗೆಯಿಂದ ಬಳಸುವವನೂ ಕಾಯಿದೆಯ ಕಣ್ಣಿಗೆ ಗ್ರಾಹಕನೇ. ಸೋದರಮಾವ ಕೊಡಿಸಿದ ರಾಕೆಟಿನಿಂದ ಆಡುವ ಬಾಲಕಿಯೂ ಗ್ರಾಹಕಳು. ಆಕೆ ಅಪ್ರಾಪ್ತವಯಸ್ಕಳಾದುದರಿಂದ ತಂದೆತಾಯಿಗಳು ಅಥವಾ ಪಾಲಕರು ಅವಳ ಪರವಾಗಿ ದೂರು ಕೊಡಬಹುದು.

ತಯಾರಕನೆಂದರೆ ಯಾರು ಎಂಬುದನ್ನೂ ಕಾಯಿದೆ ಹೇಳಿದೆ. ಇನ್ನೊಬ್ಬನು ಮಾಡಿದ ವಸ್ತುವಿನ ಮೇಲೆ ತನ್ನ ಗುರುತನ್ನು ಹಾಕಿ ಮಾರುವವನೂ ತಯಾರಕನೇ. ಆಟದ ಸಾಮಾನುಗಳ ಲೋಕದಲ್ಲಿ ಇದು ಬಹಳ ಮುಖ್ಯ. ಬ್ಯಾಟಿನ ಮೇಲೆ ಕಾಣುವ ಹೆಸರು ಒಬ್ಬರದು, ಅದನ್ನು ಕೆತ್ತಿದ ಕೈ ಇನ್ನೊಬ್ಬರದು ಆಗಿರುವುದು ಅಪರೂಪವಲ್ಲ. ಹೆಸರಿನ ಲಾಭ ಪಡೆದವನು ಹೆಸರಿನ ಹೊಣೆಯನ್ನೂ ಹೊರಬೇಕು. ತನ್ನದೇ ಹೆಸರಿನ ಸಾಮಾನನ್ನು ತನ್ನದೇ ಮಳಿಗೆಯಲ್ಲಿ ಮಾರುವವನ ವಿಷಯದಲ್ಲಿ ಅಂಗಡಿಯ ಖಾತರಿ, ತಯಾರಕನ ಖಾತರಿ ಎಂಬ ಎರಡು ಬಾಗಿಲುಗಳೇ ಇಲ್ಲ.

ಮುರಿದ ಬ್ಯಾಟಿನಿಂದ ಹಣ ಮಾತ್ರ ಹೋದರೆ ಅದು ಒಂದು ಬಗೆ. ಇಳಿಜಾರಿನಲ್ಲಿ ಸೈಕಲ್ಲಿನ ಮುಂಗವಲು ಮುರಿದರೆ, ತಲೆಗೆ ಧರಿಸಿದ ಹೆಲ್ಮೆಟ್ಟು ಚೆಂಡಿನ ಹೊಡೆತಕ್ಕೆ ಒಡೆದರೆ ಹೋಗುವುದು ಹಣವಲ್ಲ. 1928ರಲ್ಲಿ ಸ್ಕಾಟ್ಲೆಂಡಿನ ಪೇಯ್ಸ್ಲಿ ಎಂಬ ಊರಿನಲ್ಲಿ, ಗೆಳತಿ ಕೊಡಿಸಿದ ಶುಂಠಿಪಾನೀಯದ ಸೀಸೆಯಲ್ಲಿ ಕೊಳೆತ ಬಸವನಹುಳುವನ್ನು ಕಂಡು ತಾನು ಕಾಯಿಲೆ ಬಿದ್ದೆನೆಂದು ಡೊನೊಹ್ಯು ಎಂಬ ಮಹಿಳೆ ತಯಾರಕನ ಮೇಲೆ ದಾವೆ ಹೂಡಿದರು. ಆಕೆ ಹಣ ಕೊಟ್ಟವಳೂ ಅಲ್ಲ. ಆದರೂ ಕೊನೆಯಲ್ಲಿ ಬಳಸುವವನ ವಿಷಯದಲ್ಲಿ ತಯಾರಕನಿಗೆ ಎಚ್ಚರದ ಹೊಣೆಯಿದೆ ಎಂದು 1932ರಲ್ಲಿ ತೀರ್ಪಾಯಿತು. ಭಾರತದ 2019ರ ಕಾಯಿದೆ ಇನ್ನೂ ಮುಂದೆ ಹೋಗಿದೆ. ವಸ್ತು ತಾನು ಕೊಟ್ಟ ಖಾತರಿಗೆ ತಕ್ಕಂತಿರದೆ ಬಳಸಿದವನಿಗೆ ಗಾಯವಾದರೆ, ಖಾತರಿ ಕೊಡುವಾಗ ತನ್ನಿಂದ ಅಜಾಗರೂಕತೆಯಾಗಲಿ ಮೋಸವಾಗಲಿ ನಡೆದಿಲ್ಲವೆಂದು ತೋರಿಸಿದರೂ ತಯಾರಕನು ತಪ್ಪಿಸಿಕೊಳ್ಳಲಾರ. ಅಂಗಡಿಯವನು ತಯಾರಕನದಲ್ಲದ ಸ್ವಂತ ಖಾತರಿಯೊಂದನ್ನು ಬೇರೆಯಾಗಿ ಕೊಟ್ಟಿದ್ದು, ವಸ್ತು ಅದಕ್ಕೆ ತಕ್ಕಂತಿರದೆ ಗಾಯವಾದರೆ ಅವನೂ ಹೊಣೆಗಾರ. "ಈ ಹೆಲ್ಮೆಟ್ಟು ಎಂಥ ವೇಗದ ಚೆಂಡನ್ನಾದರೂ ತಡೆಯುತ್ತದೆ, ನನ್ನ ಗ್ಯಾರಂಟಿ" ಎಂದು ಬರೆದುಕೊಡುವ ವ್ಯಾಪಾರಿ ಮಾತಿನ ತೂಕವನ್ನು ಅರಿತೇ ಬರೆಯಬೇಕು. ತಯಾರಕನು ಯಾರೆಂದೇ ತಿಳಿಯದ, ಹೆಸರಿಲ್ಲದ ಸಾಮಾನಾಗಿದ್ದರೆ ಮಾರಿದವನ ಮೇಲೆಯೇ ಭಾರ ಬೀಳುತ್ತದೆ. ಆದರೆ ವಸ್ತುವನ್ನು ದುರ್ಬಳಕೆ ಮಾಡಿದ್ದರೆ, ಅದರ ಆಕಾರವನ್ನು ಬದಲಿಸಿದ್ದರೆ ಮಾರಿದವನನ್ನು ದೂರುವಂತಿಲ್ಲ.

ದೂರು ಕೊಡುವ ಕ್ರಮ ಕಷ್ಟದ್ದಲ್ಲ. ಮೊದಲು ಅಂಗಡಿಗೂ ತಯಾರಕನಿಗೂ ಒಂದೇ ಪತ್ರವನ್ನು ಬರೆದು ಪ್ರತಿಯನ್ನು ಇಟ್ಟುಕೊಳ್ಳಬೇಕು. ಇಬ್ಬರಿಗೂ ಬರೆಯುವುದರಿಂದ ಒಬ್ಬನು ಇನ್ನೊಬ್ಬನತ್ತ ಬೆರಳು ತೋರುವ ಆಟ ನಿಲ್ಲುತ್ತದೆ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ತಿಳಿಸಬಹುದು. ಅದರಿಂದಲೂ ಆಗದಿದ್ದರೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಹೋಗಬೇಕು. ಐದು ಲಕ್ಷ ರೂಪಾಯಿಗಳವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ. ದೋಷ ಕಣ್ಣಿಗೆ ಕಾಣುವಂಥದಲ್ಲದಿದ್ದರೆ ಆಯೋಗ ವಸ್ತುವನ್ನು ಮುದ್ರೆಹಾಕಿ ಪ್ರಯೋಗಾಲಯಕ್ಕೆ ಕಳುಹಿಸಬಲ್ಲುದು. 'ದೋಷ ಹೌದೋ ಅಲ್ಲವೋ ನಾವೇ ಹೇಳುತ್ತೇವೆ' ಎಂಬ ಕಂಪೆನಿಯ ಮಾತು ಅಲ್ಲಿಗೆ ಕೊನೆಗೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ, ಹೊಸ ಕಾಯಿದೆಯ ಪ್ರಕಾರ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಹಾವೇರಿಯ ಹುಡುಗನ ತಂದೆ ಮೀರತ್ತಿಗೆ ಹೋಗಬೇಕಾಗಿಲ್ಲ. ಮೀರತ್ತಿನವರೇ ಹಾವೇರಿಗೆ ಉತ್ತರ ಕೊಡಬೇಕು.

ಇದೆಲ್ಲಕ್ಕೂ ಆಧಾರ ಬಿಲ್ಲು. ಕೊಂಡ ದಿನ, ಅಂಗಡಿಯ ಹೆಸರು, ವಸ್ತುವಿನ ಮಾದರಿ, ಯಾವ ಉದ್ದೇಶಕ್ಕೆ ಎಂಬುದು, ಅಂಗಡಿಯವನು ಕೊಟ್ಟ ಮಾತು ಎಲ್ಲವೂ ಅದರಲ್ಲಿರಬೇಕು. ಈಗಿನ ಅಂಗಡಿಗಳಲ್ಲಿ ಕೊಡುವ ನುಣುಪು ಕಾಗದದ ಬಿಲ್ಲು ಶಾಯಿಯಿಂದ ಅಚ್ಚಾದುದಲ್ಲ. ಕಾಗದಕ್ಕೆ ಸವರಿದ ರಾಸಾಯನಿಕವು ಬಿಸಿ ತಾಗಿ ಕಪ್ಪಾಗುವುದರಿಂದ ಅಕ್ಷರಗಳು ಮೂಡಿರುತ್ತವೆ. ಬಿಸಿಲಿಗೆ, ಶಾಖಕ್ಕೆ, ಎಣ್ಣೆಗೈಗೆ ಸಿಕ್ಕರೆ ಕೆಲವು ತಿಂಗಳುಗಳಲ್ಲಿ ಆ ಅಕ್ಷರಗಳು ಮಾಸಿಹೋಗುತ್ತವೆ. ಖಾತರಿಯ ಅವಧಿ ಒಂದು ವರ್ಷ, ಬಿಲ್ಲಿನ ಆಯುಸ್ಸು ಅರ್ಧ ವರ್ಷ! ಕೊಂಡ ದಿನವೇ ಅದರ ನೆರಳಚ್ಚು ಪ್ರತಿಯೊಂದನ್ನು ತೆಗೆಸಿ, ತಯಾರಕನ ಚೀಟಿಯೊಡನೆ ಶಾಲೆಯ ಕ್ರೀಡಾಸಾಮಗ್ರಿಗಳ ಕಡತದಲ್ಲಿ ಇಡತಕ್ಕದ್ದು.